ವಿಭೂತಿ ಇಲ್ಲದ ಆರು ಬಾಟಲಿ

ಅಬಕಾರಿ ಇನ್‌ಸ್ಪೆಕ್ಟರ್ ಅರ್ಪಣಾ ಕಪಾಟಿನ ಬಾಟಲಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತಿದ್ದರೆ, ಬಾರಿನ ಮ್ಯಾನೇಜರ್ ದೇವರಾಜನಿಗೆ ತನ್ನ ಪಕ್ಕೆಲುಬನ್ನೇ ಎಣಿಸಿದಂತಾಗುತ್ತಿತ್ತು. ಮೂರನೆಯ ಸಾಲಿನ ಮೂಲೆಯಲ್ಲಿ ಆರು ರಮ್ ಬಾಟಲಿಗಳಿದ್ದವು. ಅವನ್ನು ಅವನು ಬೆಳಿಗ್ಗೆಯಷ್ಟೇ ರಸ್ತೆಯಾಚೆಯ ವೈನ್ ಶಾಪಿನಿಂದ ಗೋಣಿಚೀಲದಲ್ಲಿ ಸುತ್ತಿ ತಂದಿದ್ದ.

ಬಾರಿನವರು ಸರ್ಕಾರಿ ಡಿಪೋದಿಂದ ಮಾತ್ರ ಸರಕು ತರಬೇಕು, ವೈನ್ ಶಾಪಿನಿಂದ ತರಕೂಡದು ಎಂಬುದು ಹದಿನೆಂಟು ವರ್ಷ ಅದೇ ಗಲ್ಲಾದಲ್ಲಿ ಕೂತವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಡಿಪೋದ ಲಾರಿ ಬಾಳೆಹೊನ್ನೂರಿನ ಆಚೆ ಆಕ್ಸಲ್ ಮುರಿದುಕೊಂಡು ಎರಡು ದಿನದಿಂದ ನಿಂತಿತ್ತು. ಮಧ್ಯಾಹ್ನಕ್ಕೆ ಒಂದು ಬೀಳ್ಕೊಡುಗೆ ಪಾರ್ಟಿ ಇತ್ತು. ಇಪ್ಪತ್ತು ಜನ ಮೇಲಿನ ಹಾಲ್ ಹಿಡಿದಿದ್ದರು. ಎದುರಿನ ಅಂಗಡಿಯದ್ದೂ ಅದೇ ಡಿಪೋದ ಸರಕು ತಾನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಬುದ್ಧಿ ಕೆಟ್ಟಾಗ ನ್ಯಾಯ ಎಲ್ಲಿಂದಲಾದರೂ ಹುಟ್ಟಿಕೊಳ್ಳುತ್ತದೆ.

"ಲೆಕ್ಕ ಸರಿ ಇದೆ" ಎಂದರು ಅರ್ಪಣಾ. ನಿನ್ನೆ ಖಾಲಿಯಾದ ಆರನ್ನು ಅವನು ಪುಸ್ತಕದಲ್ಲಿ ಇನ್ನೂ ಕಳೆದಿರಲಿಲ್ಲ. ಆ ಜಾಗಕ್ಕೆ ಈ ಆರು ಸರಿಯಾಗಿ ಕೂತಿದ್ದವು. ದೇವರಾಜ ಉಸಿರು ಬಿಡುವುದರೊಳಗೆ ಆಕೆ ಒಂದು ಬಾಟಲಿ ಎತ್ತಿ ಅದರ ಮುಚ್ಚಳ ನೋಡಿದರು.

"ಉಳಿದದ್ದರ ಮೇಲೆಲ್ಲ ಬಿಳಿ ಗೆರೆ ಇದೆಯಲ್ಲ, ಎಂತ ಅದು?"

"ವಿಭೂತಿ ಮೇಡಂ. ನಮ್ಮ ಪ್ರೇಮಕ್ಕ ಹಚ್ಚೋದು."

"ಮತ್ತೆ ಈ ಆರಕ್ಕೆ ಯಾಕಿಲ್ಲ?"

ಗಂಡ ತೀರಿಕೊಂಡ ಮೇಲೆ ಬಾರಿನ ಲೈಸೆನ್ಸ್ ಪ್ರೇಮಕ್ಕನ ಹೆಸರಿಗೆ ಬಂದಿತ್ತು. ಕೊರಳಲ್ಲಿ ಲಿಂಗ ಕಟ್ಟಿದವಳು ಹೆಂಡ ಮಾರುವುದೇ ಎಂದು ತವರಿನವರು ಮಾತು ಬಿಟ್ಟರು. "ಮನೆಗೆ ಬಂದದ್ದು ದೇವರ ಕಣ್ಣು ತಪ್ಪಿಸಿ ಬರೋದು ಬೇಡ" ಎಂದು ಅಂದಿನಿಂದ ಪ್ರೇಮಕ್ಕ, ಲೋಡು ಬಂದ ದಿನ ಸ್ಟೂಲಿನ ಮೇಲೆ ಕೂತು ಪ್ರತಿ ಮುಚ್ಚಳಕ್ಕೂ ವಿಭೂತಿಯ ಒಂದು ಗೆರೆ ಎಳೆಯತೊಡಗಿದರು. ಎನ್.ಆರ್. ಪುರದ ಕುಡುಕರಿಗೆ ಅದು "ಅಕ್ಕನ ತೀರ್ಥ". ಬೆಳಿಗ್ಗೆ ದೇವರಾಜನೂ ವಿಭೂತಿ ಗಟ್ಟಿಯ ತನಕ ಕೈ ಒಯ್ದಿದ್ದ. ಕಳ್ಳ ಸರಕಿಗೆ ದೇವರ ಸಾಕ್ಷಿ ಹಾಕಿಸಲು ಮನಸ್ಸಾಗದೆ ಹಿಂದೆ ತೆಗೆದಿದ್ದ. ಆ ಚೂರು ಭಕ್ತಿಯೇ ಈಗ ಕುತ್ತಿಗೆಗೆ ಬಂದಿತ್ತು. ಅವನ ಕಣ್ಣು ತನಗರಿವಿಲ್ಲದೆ ರಸ್ತೆಯಾಚೆಯ ವೈನ್ ಶಾಪಿನ ಕಡೆ ಹೊರಳಿತು.

"ಎದುರಿನ ಅಂಗಡಿಯವರು ಕುಡಿಯೋರಿಗೆ ಮಾರಬಹುದು, ಕುಡಿಸೋರಿಗೆ ಮಾರೋ ಹಾಗಿಲ್ಲ" ಎಂದರು ಅರ್ಪಣಾ, ಅವನ ಮುಖವನ್ನೇ ನೋಡುತ್ತಾ. "ಯಾರೇ ತಂದಿರಲಿ, ಹೋಗೋದು ಲೈಸೆನ್ಸ್. ನಿಮ್ಮ ಅಕ್ಕನನ್ನು ಕರೀರಿ."

ದೇವರಾಜ ಹಿಂಬಾಗಿಲಿಗೆ ಹೋಗಿ ಅಕ್ಕನನ್ನು ಕೂಗಿದ. ನಾನೇ ತಂದದ್ದು ಎಂದರೂ ಹೊಡೆತ ಅಕ್ಕನಿಗೇ. ಬಾರಿನ ಅಡುಗೆಮನೆಯಲ್ಲಿ ಅವನ ಹೆಂಡತಿ ರೇಖಾ ಮೀನು ಹುರಿಯುತ್ತಿದ್ದಳು. ಅಕ್ಕನ ಮನೆಯ ಒಲೆಯೂ ಅವನ ಮನೆಯ ಒಲೆಯೂ ಉರಿಯುತ್ತಿದ್ದದ್ದು ಗೋಡೆಗೆ ನೇತುಹಾಕಿದ ಆ ಲೈಸೆನ್ಸಿನಿಂದ.

ಹಿಂದಿನ ಮನೆಯಿಂದ ಪ್ರೇಮಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಮೇಜಿನ ಮೇಲೆ ಸಾಲಾಗಿಟ್ಟ ಆರು ಬಾಟಲಿ ನೋಡಿದರು, ದೇವರಾಜನನ್ನು ನೋಡಿದರು. ಅವನು ತಲೆ ತಗ್ಗಿಸಿದ. ಹೇಳಬೇಕಾದದ್ದು ಅಷ್ಟರಲ್ಲೇ ಮುಗಿದಿತ್ತು.

"ಹೋದ ಸಲ ಲೋಡು ಬಂದಾಗ ಇವಕ್ಕೆ ಹಚ್ಚಲು ಮರೆತಿರಬಹುದು, ಅಲ್ವಾ ಅಮ್ಮ?" ಅರ್ಪಣಾರ ದನಿ ಯಾಕೋ ಮೆತ್ತಗಾಗಿತ್ತು. "ಮರೆತಿದ್ರೆ ಈಗ ಹಚ್ಚಿ. ನೀವು ಹಚ್ಚಿದ್ರೆ ಅದು ನಿಮ್ಮದೇ ಸರಕು ಅಂತ ಊರೇ ಒಪ್ತದೆ. ನಾನೂ ಒಪ್ಪಿ ಹೊರಡ್ತೇನೆ."

ಅದು ಬಲೆಯೋ ಬಾಗಿಲೋ ದೇವರಾಜನಿಗೆ ತಿಳಿಯಲಿಲ್ಲ. ಹಚ್ಚಿಬಿಡಿ ಅಕ್ಕ, ಹಚ್ಚಿಬಿಡಿ ಎಂದು ಒಳಗೇ ಬೇಡಿಕೊಂಡ.

ಪ್ರೇಮಕ್ಕ ಅಂಗೈಗೆ ನಾಲ್ಕು ಹನಿ ನೀರು ಹಾಕಿಕೊಂಡು ವಿಭೂತಿ ಗಟ್ಟಿ ತೇದರು. ತೋರುಬೆರಳು ಅದ್ದಿದರು. ಮೊದಲ ಬಾಟಲಿಯ ಹತ್ತಿರ ಕೈ ಹೋಯಿತು. ಮುಚ್ಚಳಕ್ಕೆ ಇನ್ನೊಂದು ಗೇಣು ಇರುವಾಗ ನಿಂತಿತು. ಒಳಗಿನಿಂದ ಬಾಣಲೆಯ ಸದ್ದು ಮಾತ್ರ ಬರುತ್ತಿತ್ತು.

"ತಂದಾಗ ನೀನೇ ಹಚ್ಚಿ ಇಡಬಹುದಿತ್ತಲ್ಲ ದೇವರಾಜ" ಎಂದರು ಬಾಟಲಿಯಿಂದ ಕಣ್ಣು ತೆಗೆಯದೆ. "ಯಾಕೆ ಹಚ್ಚಲಿಲ್ಲ?"

"ಮನಸ್ಸು ಬರಲಿಲ್ಲ ಅಕ್ಕ."

"ನಂಗೂ ಬರೋದಿಲ್ಲ ಮಾರಾಯ."

ಅವರು ಅಂಗೈಯ ವಿಭೂತಿಯಲ್ಲಿ ಇನ್ನೆರಡು ಬೆರಳನ್ನೂ ಅದ್ದಿದರು. ಇಷ್ಟು ವರ್ಷದಲ್ಲಿ ಎಂದೂ ಮಾಡದಿದ್ದ ಕೆಲಸವನ್ನು ಅವರು ಆಗ ಮಾಡಿದರು: ದೇವರಾಜನ ಹಣೆಯ ಮೇಲೆ ಈ ಕಡೆಯಿಂದ ಆ ಕಡೆಗೆ ಮೂರು ಬೆರಳು ಎಳೆದರು.

"ಬಾಟ್ಲಿ ನಮ್ಮದಲ್ಲ ಮೇಡಂ. ತಂದವ ನಮ್ಮವ" ಎಂದರು. "ಹೆಸರು ನಂದೇ ಬರ್ಕೊಳ್ಳಿ."

ಅರ್ಪಣಾ ಪೆನ್ನಿನ ಮುಚ್ಚಳ ತೆಗೆದರು. ಹಸಿ ವಿಭೂತಿ ದೇವರಾಜನ ಹುಬ್ಬಿಗಿಳಿದು ಕಣ್ಣಿಗೆ ಬರುತ್ತಿತ್ತು; ಒರೆಸಿಕೊಳ್ಳಲು ಅವನ ಕೈ ಏಳಲಿಲ್ಲ.