ಐವರ ವಾಕಿಂಗ್

ಪಾರ್ಕಿನ ತಿರುವಿನಲ್ಲಿ ಸೊಸೆಯ ಹೆಗಲಚೀಲ ಹಾಡತೊಡಗಿತು. ಕೈಹಾಕಿ ಅದರ ಬಾಯಿ ಮುಚ್ಚಿಸಿದಳು. ಅಷ್ಟರಲ್ಲಿ ಚೀಲದೊಳಗೇ ಇನ್ನೊಂದು ಹಾಡಿತು. ತಲೆಯೆತ್ತಿದರೆ ಎದುರಿಗೆ ಅತ್ತೆ.

ಅವಳ ಜೀವ ಬಾಯಿಗೆ ಬಂತು. ಚೀಲದಲ್ಲಿ ಅವಳ ಫೋನಿನ ಜೊತೆ ಅದೇ ಕಟ್ಟಡದ ಮೂವರು ಗೆಳತಿಯರ ಫೋನುಗಳೂ ಇದ್ದವು. ಯಾರು ಎಲ್ಲಿದ್ದಾರೆಂದು ನಕ್ಷೆಯಲ್ಲಿ ತೋರಿಸುವ ಆ್ಯಪನ್ನು ನಾಲ್ವರು ಗಂಡಂದಿರೂ ಒಬ್ಬರನ್ನು ನೋಡಿ ಒಬ್ಬರು ಹೆಂಡತಿಯರ ಫೋನಿಗೆ ಹಾಕಿಸಿದ್ದರು. ಹೆಸರಿಗೆ ಸುರಕ್ಷತೆ. ಹೆಂಗಸರೂ ತಮ್ಮ ಸುರಕ್ಷತೆ ನೋಡಿಕೊಂಡಿದ್ದರು: ಸಂಜೆ ಸರದಿಯ ಮೇಲೆ ಒಬ್ಬಳು ಎಲ್ಲರ ಫೋನು ಹೊತ್ತು ಪಾರ್ಕು ಸುತ್ತುವುದು, ಉಳಿದವರು ತಮ್ಮ ಪಾಡಿಗೆ ಹೋಗುವುದು. ಒಬ್ಬಳು ಕಾರು ಕಲಿಯುತ್ತಿದ್ದಳು, ಒಬ್ಬಳು ಮನೆಯವರು ಮಾತು ಬಿಟ್ಟಿದ್ದ ತಂಗಿಯನ್ನು ನೋಡಿ ಬರುತ್ತಿದ್ದಳು, ಇನ್ನೊಬ್ಬಳು ಕೆರೆಯ ದಂಡೆಯಲ್ಲಿ ಸುಮ್ಮನೆ ಕೂತಿರುತ್ತಿದ್ದಳಂತೆ. ಇಷ್ಟು ನಡೆದರೂ ಇವರ ತೂಕ ಒಂದು ಚೂರೂ ಇಳಿದಿಲ್ಲವಲ್ಲ ಎಂಬುದೊಂದೇ ಗಂಡಂದಿರ ಚಿಂತೆ. ಈಗ ಅತ್ತೆ ಬಾಯಿಬಿಟ್ಟರೆ ನಾಲ್ಕು ಮನೆಗಳ ಸಂಜೆಗೂ ಬೀಗ.

"ಇದೇನೇ, ಫೋನಿನ ಅಂಗಡಿ ಇಟ್ಟಿದೀಯಾ?" ಅತ್ತೆ ಚೀಲದೊಳಗೆ ಇಣುಕಿದರು.

"ಫ್ರೆಂಡ್ಸ್‌ದು, ಅತ್ತೆ. ಹಿಂದೇನೇ ಬರ್ತಿದಾರೆ."

ಅತ್ತೆ ಅವಳ ಹಿಂದಕ್ಕೆ ನೋಡಿದರು. ಒಂದು ನಾಯಿ ಬರುತ್ತಿತ್ತು. "ಇವಳೇನಾ?"

ಸೊಸೆಯ ಮುಖ ಬಿಳಿಚಿಕೊಂಡಿತು. "ಇವರಿಗೆ ಹೇಳ್ಬೇಡಿ, ಅತ್ತೆ. ಬೈಯೋದಿದ್ರೆ ನನ್ನೊಬ್ಬಳನ್ನೇ ಬೈದುಬಿಡಿ. ಪಾಪ, ಅವರ್ಯಾರೂ ತಪ್ಪು ಮಾಡ್ತಿಲ್ಲ."

ಅತ್ತೆ ಪರ್ಸಿನಿಂದ ತಮ್ಮ ಫೋನು ತೆಗೆದರು. ಮಗನಿಗೆ ಕರೆ ಹೋಯಿತೆಂದೇ ಸೊಸೆ ಕಣ್ಣು ಮುಚ್ಚಿಕೊಂಡಳು. ಹೆಗಲ ಮೇಲಿನ ಚೀಲ ತುಸು ಭಾರವಾಯಿತು.

"ನಂದ್ರಲ್ಲೂ ಹಾಕಿಟ್ಟಿದಾನೆ, ನನ್ನ ಮಗರಾಯ. ವಯಸ್ಸಾಯ್ತಂತೆ, ದಾರಿ ತಪ್ತೀನಂತೆ," ಎಂದರು ಅತ್ತೆ. "ನಿಧಾನಕ್ಕೆ ನಡಿ. ನನಗೆ ಮಂಡಿನೋವು ಅಂತ ಅವನಿಗೆ ಗೊತ್ತು."

ಸೊಸೆಗೆ ಹೋದ ಜೀವ ಬಂತು. ಅದರ ಬೆನ್ನಿಗೇ ಕುತೂಹಲವೂ ಬಂತು. "ನೀವು ಎಲ್ಲಿಗೆ ಹೊರಟ್ರಿ, ಅತ್ತೆ?"

"ಅದನ್ನ ಹೇಳೋ ಹಾಗಿದ್ರೆ ಫೋನು ನನ್ನ ಹತ್ರಾನೇ ಇರ್ತಿತ್ತಲ್ಲ," ಎಂದು ಅತ್ತೆ ಮಂಡಿನೋವಿನ ಸುಳಿವೂ ಇಲ್ಲದ ನಡಿಗೆಯಲ್ಲಿ ಹೊರಟೇಬಿಟ್ಟರು.

ಗೇಟು ದಾಟಿ ಅವರು ಎಡಕ್ಕೆ ತಿರುಗುತ್ತಾರೋ ಬಲಕ್ಕೋ ಎಂದು ನೋಡಲು ಸೊಸೆ ಚಪ್ಪಲಿ ಬಿಟ್ಟು ಕಲ್ಲುಬೆಂಚಿನ ಮೇಲೆ ಹತ್ತಿ ನಿಂತಳು.