ಒಳಮುಖದ ಹೊದಿಕೆ

ಜನರನ್ನು ಹೊಳೆ ದಾಟಿಸುವ ಹಮ್ಮಣ್ಣನ ಚಪ್ಪಟೆ ತಳದ ಸಣ್ಣ ದೋಣಿಗೆ ಮಳೆಗಾಲದಲ್ಲೊಂದು ಹೊದಿಕೆ ಬೇಕೇ ಬೇಕಿತ್ತು. ಪೇಟೆಯಿಂದ ತಂದ ತೆಳು ಪ್ಲಾಸ್ಟಿಕ್ ನಡುವೆ ಜೋತುಬಿದ್ದು, ನೀರು ತುಂಬಿ ಹರಿದುಹೋಗಿತ್ತು. ಈ ಸಲ ಅವನು ಬಿದಿರಿನ ದಬ್ಬೆಗಳನ್ನು ಬಿಲ್ಲಿನಂತೆ ಬಾಗಿಸಿ ದೋಣಿಯ ಅಂಚಿಗೆ ಬಿಗಿದು, ಮೇಲೆ ದಪ್ಪನೆಯ ಫ್ಲೆಕ್ಸ್ ಒಂದನ್ನು ಎಳೆದು ಕಟ್ಟಿದ. ಮಳೆನೀರು ನಿಲ್ಲದೆ ಜಾರಿಹೋಯಿತು.

ಫ್ಲೆಕ್ಸ್ ಸಿಕ್ಕಿದ್ದು ಬಸ್ ನಿಲ್ದಾಣದ ಚರಂಡಿಯಲ್ಲಿ. ತುಳಸಕ್ಕನ ಮಗ ಅಪಘಾತದಲ್ಲಿ ತೀರಿಹೋದಾಗ ಗೆಳೆಯರು ಅವನ ಚಿತ್ರ ಹಾಕಿ ಕಟ್ಟಿಸಿದ್ದ ಶ್ರದ್ಧಾಂಜಲಿ ಅದು. ಗಾಳಿಗೆ ಕಿತ್ತು ಬಿದ್ದಿತ್ತು. ದಡದವರಿಗೆ ಕಾಣದಿರಲೆಂದು ಹಮ್ಮಣ್ಣ ಚಿತ್ರವನ್ನು ಒಳಮುಖ ಮಾಡಿದ್ದ.

ಒಂದು ಬೆಳಿಗ್ಗೆ ಜಡಿಮಳೆಯಲ್ಲಿ ತುಳಸಕ್ಕನೇ ಬಂದು ದೋಣಿ ಹತ್ತಿದಳು. ಬೇಡವೆನ್ನಲು ಅವನಿಗೆ ಯಾವ ನೆಪವೂ ಹೊಳೆಯಲಿಲ್ಲ. ಅವಳು ಹೊದಿಕೆಯ ಕೆಳಗೆ ಕುಳಿತು ತಲೆಯೆತ್ತಿದಳು. ಮೇಲಿನಿಂದ ಮಗ ನಗುತ್ತಿದ್ದ.

ಹಮ್ಮಣ್ಣ ಹುಟ್ಟು ಹಾಕಿ ದೋಣಿಯನ್ನು ದಡದಿಂದ ಬಿಡಿಸಿದ. ಅವಳ ಮುಖ ನೋಡಲಾರದೆ ನೀರನ್ನೇ ನೋಡುತ್ತ ಹೇಳಿದ, “ತಪ್ಪಾಯ್ತು ಅಕ್ಕಾ. ಬಿದ್ದದ್ದನ್ನ ನಿಮ್ಮನೆಗೆ ತಂದು ಕೊಡ್ಬೇಕಿತ್ತು. ದಪ್ಪ ಇದೆ ಅಂತ ಆಸೆ ಬಿದ್ದೆ.”

ಅವಳು ಮೇಲೆಯೇ ನೋಡುತ್ತಿದ್ದಳು.

“ಆಚೆ ದಡ ಮುಟ್ಟಿದ ಕೂಡ್ಲೇ ಬಿಚ್ಚಿ ಕೊಡ್ತೇನೆ.”

ಹೊಳೆ ಅಷ್ಟು ಅಗಲವೆಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ. ದೋಣಿ ಕೊನೆಗೂ ದಡಕ್ಕೆ ತಾಗಿದಾಗ, ತಲೆ ತಗ್ಗಿಸಿಕೊಂಡೇ ಹಗ್ಗದ ಗಂಟಿಗೆ ಕೈ ಹಾಕಿದ.

“ಬಿಚ್ಚಬೇಡ,” ಎಂದಳು ತುಳಸಕ್ಕ, ಕುಳಿತಲ್ಲಿಂದ ಏಳದೆ. “ಈ ದಡದಲ್ಲಿ ನಂಗೇನೂ ಕೆಲ್ಸ ಇಲ್ಲ. ನಿನ್ನ ದೋಣಿಲಿ ಅವನಿದ್ದಾನೆ ಅಂತ ಯಾರೋ ಹೇಳಿದ್ರು, ಅದಕ್ಕೇ ಬಂದೆ. ವಾಪಸು ಹೋಗುವ, ಸ್ವಲ್ಪ ನಿಧಾನ ಹುಟ್ಟು ಹಾಕು.”