ಸುಗಲಾಬಾಯಿಯ ತೋಟದಲ್ಲಿ ತರುಬಿದ ಚಳಿ

ಗೊಬ್ಬರವಾಗಲೆಂದು ಹೊಲದಲ್ಲಿ ಕುರಿಮಂದೆಯನ್ನು ಕೆಲದಿನ ತಂಗಿಸಿ ತರುಬಿಸುವ ಹಾಗೆ, ತಿಕೋಟಾದ ಸುಗಲಾಬಾಯಿ ತನ್ನಜ್ಜ ನೆಟ್ಟ ಶಾರ್ಡನೇ ಎಂಬ ವೈನ್ ದ್ರಾಕ್ಷಿಗೆ ವರ್ಷಕ್ಕೊಮ್ಮೆ ಚಳಿ ತರುಬಿಸುತ್ತಿದ್ದಳು. ಚಳಿಯ ಆ ಮಂದೆಯನ್ನು ಉತ್ತರದಿಂದ ಹೊಡೆದುಕೊಂಡು ಬರುವವನು ಕುರುಬ ಅಮೋಗಿ. ಹದಿನೈದು ದಿನ ಚಳಿ ಬಳ್ಳಿಗಳ ನಡುವೆ ಮೇಯುತ್ತಿತ್ತು. ಅದು ಬೆದರದಿರಲೆಂದು ಮನೆಯವರು ಅಷ್ಟೂ ದಿನ ಒಲೆ ಹೊತ್ತಿಸದೆ, ಮೊದಲೇ ಸುಟ್ಟು ಒಣಗಿಸಿಟ್ಟ ಕಟಕ ರೊಟ್ಟಿ ತಿನ್ನುತ್ತಿದ್ದರು.

ಇಂದು ಬೆಳಿಗ್ಗೆ, ಮಂದೆಯ ಸುತ್ತ ಕಟ್ಟಿದ್ದ ಬಲೆ ಬಿಚ್ಚುವ ಮೊದಲು ಅವಳು ಹೋದ ವರ್ಷದ ವೈನನ್ನು ವಾಡಿಕೆಯಂತೆ ಮೊದಲು ಅವನಿಗೇ ಕೊಟ್ಟಳು. ಅಮೋಗಿ ಗುಟುಕರಿಸಿ ಕಣ್ಣು ಮುಚ್ಚಿದ.

“ಹಸರು ಸೇಬು ಕಡದಂಗ ಆತು ನೋಡವ್ವ. ಆದ್ರ ಮುಂದಿನ ವರ್ಷ ನಾ ಬರಾಂಗಿಲ್ಲ. ಮೊಣಕಾಲು ಸೋತಾವ.”

ಸುಗಲಾಬಾಯಿ ಬಳ್ಳಿಗಳತ್ತ ನೋಡಿದಳು. ಚಳಿ ಬಾರದಿದ್ದರೆ ವೈನಿಲ್ಲ, ಈ ತೋಟದಲ್ಲಿ ಇನ್ನು ಒಣದ್ರಾಕ್ಷಿಯಷ್ಟೇ.

ಮಂದೆ ಹೊರಟಿತು. ಆದರೆ ಮೂರನೆಯ ಸಾಲಿನ ಒಂದು ಬಳ್ಳಿಯ ಬುಡದಲ್ಲಿ ಅಂಗೈಯಗಲ ಮಂಜು ಉಳಿದಿತ್ತು. ಈಗಷ್ಟೇ ಹುಟ್ಟಿದ ಮರಿ ಚಳಿ.

“ಅಮೋಗಿ, ನಿನ್ನ ಮರಿ ಉಳದೈತಿ!”

ಅವನು ತಿರುಗಿ ನೋಡಿದ. “ತರುಬಿದಲ್ಲೆ ಹುಟ್ಟಿದ್ದು ಹೊಲದವ್ರಿಗೇ ಸೇರೂದು.”

ಅಂಥ ಪದ್ಧತಿ ಎಲ್ಲೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಮರಿ ಬಿಟ್ಟು ಹೋಗುವ ಕುರುಬನನ್ನು ಅವಳು ಕಂಡೇ ಇರಲಿಲ್ಲ.

“ಏನ್ ಕುಡಸಬೇಕಪ್ಪಾ ಇದಕ್ಕ?”

“ಏನೂ ಬ್ಯಾಡ. ದಿನಾ ಮುಂಜಾನೆ ಯಾರರ ಒಬ್ರು ಅದರ ಮುಂದ ಕುಂತು ನಡಗ್ರಿ. ನಡಗವ್ರಿದ್ರ ಅದು ಬೆಳೀತೈತಿ.”

ಸುಗಲಾಬಾಯಿ ಹೊದ್ದಿದ್ದ ಶಾಲು ತೆಗೆದು ಬದುವಿನ ಮೇಲಿಟ್ಟಳು. ಮರಿಯ ಪಕ್ಕ ಕುಳಿತು, ಹಲ್ಲು ಕಟಕಟಿಸುತ್ತಲೇ ನಗತೊಡಗಿದಳು.